ಹೆಬ್ಬೆರಳಿಗೆ ಸಿಗುವ ಜಾಗ

"ನಮ್ಮ ಮನೆಯವಳಿಗೆ ಫೋನು ಅಂದ್ರೆ ಅಷ್ಟಕ್ಕಷ್ಟೆ. ಇವಳಿಗೆ ಬಂದ್ರೆ ಯಾರಿಗಾದ್ರೂ ಬರುತ್ತೆ," ಎಂದು ಗಂಡ ತನ್ನ ಹೊಸ ಆಪ್ ತೆರೆದು, ಅದಕ್ಕೆ ದುಡ್ಡು ಹಾಕಲು ಬಂದವರೆದುರೇ ಫೋನನ್ನು ಅವಳ ಕೈಗಿಟ್ಟ. "ರವಿಕೆ ಹೊಲಿಯೋಕೆ ಒಂದು ಆರ್ಡರ್ ಕೊಡು, ನೋಡೋಣ." ಮೇಜಿನ ಸುತ್ತ ಕೂತವರೆಲ್ಲ ನಕ್ಕರು.

ಆ ಆಪಿನ ಒಂದೊಂದು ಪುಟವನ್ನೂ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟವಳು ಅವಳೇ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡಿದ್ದರೂ ಹೆಬ್ಬೆರಳಿಗೆ ಸಿಗಲಿ ಎಂದು ಆರ್ಡರ್ ಕೊಡುವ ಹಸಿರು ಬಟನ್ನನ್ನು ಮೇಲಿನಿಂದ ಕೆಳಕ್ಕೆ ತರಿಸಲು ಅವನೊಂದಿಗೆ ಮೂರು ದಿನ ಮಾತು ಬಿಟ್ಟಿದ್ದಳು.

ಹೆಬ್ಬೆರಳು ತಾನಾಗಿ ಆ ಬಟನ್ನಿನ ಮೇಲೆ ಬಂತು. ಅವಳು ಅದನ್ನು ಅಲ್ಲೇ ತಡೆದು, ಕಣ್ಣನ್ನು ಪರದೆಯ ಮೇಲೂ ಕೆಳಗೂ ನಿಧಾನವಾಗಿ ಓಡಿಸಿದಳು.

"ಎಲ್ಲಿ ಒತ್ತಬೇಕೋ ಒಂದೂ ಗೊತ್ತಾಗ್ತಿಲ್ಲ ರೀ," ಎಂದಳು.