ಅಜ್ಜಿ ಎದ್ದು ನಿಂತ ಮಧ್ಯಾಹ್ನ

ನೀಲಗಿರಿ ಎಣ್ಣೆಯ ವಾಸನೆ ಬಂದರೆ ಈಗಲೂ ಮಲಾಡಿನ ನಮ್ಮ ಚಾಳಿನ ಆ ಮಧ್ಯಾಹ್ನ ನೆನಪಾಗುತ್ತದೆ. ಊಟ ಮುಗಿಸಿದ ಅಜ್ಜಿಗೆ ನೆಲದಿಂದ ಏಳಲು ಆಗಲಿಲ್ಲ. "ಕಾಲಾಗ ಕಸುವೇ ಇಲ್ಲವ್ವಾ" ಅಂದಳು. ಲಕ್ವಾ ಹೊಡೆದು ಕಾಲು ಸ್ವಾಧೀನ ತಪ್ಪಿತೆಂದು ಹೆದರಿದ ಅವ್ವ ಕಾಲಿಗೆ ಎಣ್ಣೆ ತಿಕ್ಕುತ್ತಲೇ ಇದ್ದಳು. ನಾನು ಅಜ್ಜಿಯ ಸೆರಗು ಬಿಡಲಿಲ್ಲ.

ಗಲ್ಲಿಯ ಡಾಕ್ಟರ್ ಬಂದು, ಅಜ್ಜಿಯ ಜೋತುಬಿದ್ದ ತೊಡೆ ಒತ್ತಿ ನೋಡಿ, "ಲಕ್ವಾ ನಹೀ ಹೈ" ಎಂದರು. ಲಕ್ವಾ ಅಲ್ಲ, ವಯಸ್ಸಿಗೆ ಸ್ನಾಯು ಕರಗಿದೆ, ಬೇಳೆ, ಮೊಸರು ಚೆನ್ನಾಗಿ ಕೊಡಿ, ದಿನಾ ಕುರ್ಚಿಯಿಂದ ಎದ್ದು ಕೂತು ಮಾಡಿಸಿ, ಬಲ ಬರುತ್ತದೆ ಎಂದರು. ಅವರೇ ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಅಜ್ಜಿ ನಡುಗುತ್ತಲೇ ಎದ್ದು ನಿಂತಳು.

ಅವ್ವ ನೆಲಕ್ಕೆ ಕುಸಿದು ಅತ್ತುಬಿಟ್ಟಳು. ಅಜ್ಜಿ ಅವಳತ್ತ ಕೈ ಚಾಚಿದಳು: "ಏಳವ್ವಾ, ಕೈ ಹಿಡಕೋ. ನಾ ಎಬ್ಬಸ್ತೀನಿ."