ಕಾಲಿಗೆ ನೀರು

ಮಂಗಳ ಗ್ರಹದಲ್ಲಿ ನೀರು ಕುಡಿಯಲು ಮಾತ್ರ. ಆದರೂ ಹೊರಗಿನಿಂದ ಯಾರೇ ಬರಲಿ, ಕಾಶವ್ವ ಹೊಸ್ತಿಲಲ್ಲಿ ಖಾಲಿ ತಂಬಿಗೆ ಕೊಡುತ್ತಿದ್ದಳು. ಬಂದವರು ಅದನ್ನು ಕಾಲಿನ ಮೇಲೆ ಬಗ್ಗಿಸಿ ಒಳಗೆ ಬರುತ್ತಿದ್ದರು.

ಅವಳ ತಮ್ಮ ಈರಪ್ಪ, ಅದುವರೆಗೆ ಯಾರೂ ತುಳಿಯದ ಧ್ರುವದ ಹಿಮ ದಾಟಿ ಅಂದು ಮರಳಿದ. ಅಲ್ಲಿನ ಹಿಮ ಕರಗಿಸಿ ಒಂದು ಬಾಟಲಿ ನೀರು ತಂದಿದ್ದ. ವಾಡಿಕೆಯಂತೆ ಖಾಲಿ ತಂಬಿಗೆ ಮುಂದೆ ಬಂದಾಗ ಆ ನೀರನ್ನು ಅದಕ್ಕೆ ಸುರಿದ.

"ಕುಡಿ ಅಕ್ಕಾ. ನಿನಗಂತ ತಂದೀನಿ."

ಕಾಶವ್ವ ತಂಬಿಗೆಯನ್ನು ಅವನ ಕೈಗೇ ಕೊಟ್ಟು, ಹೊಸ್ತಿಲು ದಾಟಿ ಗಾಜಿನ ಸೂರಿನ ಓಣಿಗೆ ಬಂದು, ಸೀರೆಯನ್ನು ತುಸು ಎತ್ತಿ ಹಿಡಿದು ನಿಂತಳು.

"ಕಾಲಿಗೆ ಹಾಕೋ ತಮ್ಮಾ."

"ತಲಿ ಕೆಟ್ಟೇತೇನ ಅಕ್ಕಾ? ಇಡೀ ಓಣಿ ಬೈತೇತಿ."

"ಬೈಲಿ ಬಿಡು. ಭೂಮಿ ಬಿಟ್ಟು ಮೂವತ್ತು ವರ್ಷ ಆತು. ನಾ ಇನ್ನೂ ಮನೀಗೆ ಬಂದಿಲ್ಲ."

ಈರಪ್ಪ ತಂಬಿಗೆ ಬಗ್ಗಿಸಿದ. ಕಾಶವ್ವ ಒದ್ದೆಯಾದ ಬಲಗಾಲನ್ನು ಒಳಗಿಟ್ಟಳು.