ಬಾಗಿಲಿಗೇ ಬಂದ ಬಳೆಗಾರ ಓಣಿ

ಹುಬ್ಬಳ್ಳಿಯ ಓಣಿಗಳು ನಡೆದಾಡತೊಡಗಿ ಹತ್ತು ವರ್ಷವಾಗಿತ್ತು. ಹಾಗಾಗಿ ಊರಿಗೆ ಬಂದವರು ತಂಗುವ ಓಣಿಯ ಹೆಸರನ್ನು ಬಸ್ ನಿಲ್ದಾಣದಲ್ಲೇ ಬರೆಸಿ, ಅದು ಈಗ ಎಲ್ಲಿದೆಯೆಂದು ತಿಳಿದುಕೊಳ್ಳಬೇಕಿತ್ತು. ಎರಡೇ ದಿನ ರಜೆ ಹಾಕಿ ಬಂದಿದ್ದ ಕಸ್ತೂರೆವ್ವನಿಗೆ ಈ ಸಲ ಕೆರೆ ಓಣಿಯೇ ಬೇಕಿತ್ತು. ನಾಳೆ ಬೆಳಿಗ್ಗೆ ಅದು ಉಣಕಲ್ ಕೆರೆಯ ದಂಡೆಗೆ ಹೋಗಿ ಕೂರುತ್ತದಂತೆ. ಕಿಟಕಿ ತೆರೆದರೆ ನೀರೇ ನೀರು!

“ಕೆರಿ ಓಣಿ ಬರಕೊಳ್ರಿ,” ಎಂದಳು ಹಿಗ್ಗಿನಿಂದ.

ಗುಮಾಸ್ತ ಮೌನೇಶ ಪೆನ್ನು ಎತ್ತುವಷ್ಟರಲ್ಲಿ ನೆಲ ನಡುಗಿತು. ಒಣಹಾಕಿದ ಸೀರೆ, ಬೇವಿನ ಮರ, ಕುದಿಯುವ ಚಹಾದ ಅಂಗಡಿ ಸಮೇತ ಇಡೀ ಬಳೆಗಾರ ಓಣಿ ಏದುಸಿರು ಬಿಡುತ್ತ ಬಂದು ನಿಲ್ದಾಣದ ಬಾಗಿಲಲ್ಲೇ ನಿಂತಿತು. ಹೋದ ವರ್ಷ ಅವಳು ಇಳಿದುಕೊಂಡಿದ್ದು ಅಲ್ಲೇ.

“ಅಕ್ಕಾರ, ಹೊಂಡೂವಾಗ ಈ ಓಣಿಗೆ ಏನಂದಿದ್ರಿ?” ಎಂದ ಮೌನೇಶ.

“ಏನಂತಾರ್ರಿ? ಹೋಗಿ ಬರ್ತೀನಿ ಅಂದಿದ್ದೆ.”

“ಆತಲ್ಲ! ಅದನ್ನ ಖರೇ ಅಂತ ತಿಳಕೊಂಡು ವರ್ಷಪೂರ್ತಿ ನಿಮ್ಮ ಹಾದಿ ಕಾದೈತಿ.”

ಕೆರೆಯನ್ನು ಮರೆತೇಬಿಟ್ಟ ಕಸ್ತೂರೆವ್ವ ಚೀಲ ಎತ್ತಿಕೊಂಡು, ತವರಿಗೆ ಬಂದವಳಂತೆ ಓಣಿಯೊಳಗೆ ಓಡಿದಳು.

ಮೌನೇಶ ಹಿಂದಿನಿಂದ ಕೂಗಿದ: “ಈ ಸಲ ಬರೇ ‘ಹೋಗ್ತೀನಿ’ ಅಂದುಬಿಡ್ರಿ ಮತ್ತ!”

“ಥೂ, ಬಿಡ್ತು ಅನ್ರಿ! ಹಂಗ ಯಾರರ ಅಂತಾರೇನು?”